ಟೆ ಆನೌ: ಫಿಯರ್ಡ್‌ಲ್ಯಾಂಡ್ ಕಾಡಿನ ಬಾಗಿಲಲ್ಲಿರುವ ಸರೋವರದ ಊರು

ಟೆ ಆನೌ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನೈರುತ್ಯ ಭಾಗದ ಒಂದು ಸಣ್ಣ ಊರು. ಅದೇ ಹೆಸರಿನ ಸರೋವರದ ಆಗ್ನೇಯ ಮೂಲೆಯಲ್ಲಿದ್ದು, ಸೌತ್‌ಲ್ಯಾಂಡ್ ಜಿಲ್ಲೆಗೆ ಸೇರಿದೆ. ಜನಸಂಖ್ಯೆ ಸುಮಾರು 3,000. ಸರೋವರದ ಆಚೆ ದಡದಿಂದಲೇ ಫಿಯರ್ಡ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. 12,000 ಚದರ ಕಿಲೋಮೀಟರಿಗೂ ಮಿಕ್ಕಿದ ವಿಸ್ತಾರವುಳ್ಳ ಇದು ಆ ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. ಅದರ ಬಹುಭಾಗದಲ್ಲಿ ರಸ್ತೆಯಿಲ್ಲ, ಮನೆಯಿಲ್ಲ. ಮಿಲ್ಫರ್ಡ್ ಸೌಂಡ್ ಎಂಬ ಕಡಲಚಾಚಿನ ಅಂಚಿಗೆ ಹೋಗುವ ಒಂದೇ ಒಂದು ಹೆದ್ದಾರಿ ಟೆ ಆನೌ ಮೂಲಕ ಹಾಯುತ್ತದೆ. ಹೀಗಾಗಿ ಆ ಕಾಡನ್ನು ನೋಡಲು, ನಡೆಯಲು, ಅಧ್ಯಯನ ಮಾಡಲು ಬರುವವರಲ್ಲಿ ಹೆಚ್ಚಿನವರು ಈ ಊರಿನಲ್ಲಿ ತಂಗಿಯೇ ಮುಂದೆ ಹೋಗುತ್ತಾರೆ. ಹೋಟೆಲು, ದೋಣಿ, ಬಸ್ಸು, ಕಿರಾಣಿ ಅಂಗಡಿ ಎಲ್ಲವೂ ಆಚೆ ದಡ ಕಾಡಾಗಿಯೇ ಉಳಿದಿರುವುದನ್ನು ನಂಬಿಕೊಂಡಿವೆ. ಆ ದಡ ಹಾಗೆ ಉಳಿದದ್ದು ತಾನಾಗಿ ಅಲ್ಲ. ಜನ ಹಟ ಹಿಡಿದು ಉಳಿಸಿಕೊಂಡದ್ದರಿಂದ.

ನೆಲೆ ಮತ್ತು ಭೂರಚನೆ

ಟೆ ಆನೌ ಸರೋವರದ ವಿಸ್ತೀರ್ಣ ಸುಮಾರು 344 ಚದರ ಕಿಲೋಮೀಟರ್. ದಕ್ಷಿಣ ದ್ವೀಪದಲ್ಲಿ ಇದೇ ಅತಿ ದೊಡ್ಡದು. ಇಡೀ ದೇಶದಲ್ಲಿ ಉತ್ತರ ದ್ವೀಪದ ಟೌಪೋ ಸರೋವರದ ನಂತರದ ಸ್ಥಾನ ಇದರದು. ಉತ್ತರ ದಕ್ಷಿಣವಾಗಿ ಸುಮಾರು 65 ಕಿಲೋಮೀಟರ್ ಚಾಚಿಕೊಂಡಿದೆ. ಅತ್ಯಂತ ಆಳದ ಜಾಗ 417 ಮೀಟರ್. ನೀರಿನ ಮೇಲ್ಮೈ ಸಮುದ್ರ ಮಟ್ಟದಿಂದ ಸುಮಾರು 210 ಮೀಟರ್ ಎತ್ತರದಲ್ಲಿರುವುದರಿಂದ, ಸರೋವರದ ತಳ ಸಮುದ್ರ ಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗಿದೆ. ಹಿಮಯುಗಗಳಲ್ಲಿ ಇಳಿದುಬಂದ ಹಿಮನದಿಗಳು ಬಂಡೆಯನ್ನು ಅಷ್ಟು ಆಳಕ್ಕೆ ಕೆತ್ತಿದವು. ಹಿಮ ಕರಗಿ ಹಿಂದೆ ಸರಿದಾಗ ಆ ತಗ್ಗಿನಲ್ಲಿ ನೀರು ನಿಂತಿತು.

ಸರೋವರದ ಎರಡು ದಡಗಳು ಎರಡು ಬೇರೆ ನಾಡುಗಳಂತಿವೆ. ಪೂರ್ವದ ದಡದಲ್ಲಿ ತಗ್ಗು ಗುಡ್ಡ, ಹುಲ್ಲುಗಾವಲು, ಕುರಿ ಮತ್ತು ಜಿಂಕೆ ಸಾಕಣೆಯ ಫಾರಂಗಳು. ಪಶ್ಚಿಮದಲ್ಲಿ ನೀರಿನಿಂದಲೇ ನೆಟ್ಟಗೆ ಎದ್ದ ಬೆಟ್ಟಗಳು. ಆ ಬೆಟ್ಟಗಳ ನಡುವೆ ಸರೋವರದ ಮೂರು ತೋಳುಗಳು ಒಳಕ್ಕೆ ನುಗ್ಗಿವೆ. ಅವುಗಳಿಗೆ ದಕ್ಷಿಣ, ಮಧ್ಯ ಮತ್ತು ಉತ್ತರ ಫಿಯರ್ಡ್ ಎಂಬ ಹೆಸರುಗಳಿವೆ. ದಕ್ಷಿಣ ತೋಳಿನ ಒಂದು ಬದಿಗೆ ಕೆಪ್ಲರ್ ಪರ್ವತಗಳು, ಇನ್ನೊಂದು ಬದಿಗೆ ಮರ್ಚಿಸನ್ ಪರ್ವತಗಳು. ಖಗೋಳ ವಿಜ್ಞಾನಿ ಕೆಪ್ಲರನ ಹೆಸರನ್ನು ಈ ಬೆಟ್ಟಗಳಿಗೆ ಇಟ್ಟವನು 1860ರ ದಶಕದಲ್ಲಿ ಇಲ್ಲಿ ಸರ್ವೆ ಮಾಡಿದ ಜೇಮ್ಸ್ ಮೆಕೆರೋ. ಸರೋವರದ ನೀರು ವೈಆವು ನದಿಯಾಗಿ ಹರಿದು, ಸುಮಾರು 20 ಕಿಲೋಮೀಟರ್ ದೂರದ ಮಾನಪೌರಿ ಸರೋವರವನ್ನು ಸೇರುತ್ತದೆ.

ಮಳೆ ಮತ್ತು ಕಾಡು

ಟಾಸ್ಮನ್ ಸಮುದ್ರದಿಂದ ಬೀಸುವ ಪಶ್ಚಿಮದ ಗಾಳಿ ಹೊತ್ತು ತಂದ ತೇವವನ್ನೆಲ್ಲ ಫಿಯರ್ಡ್‌ಲ್ಯಾಂಡಿನ ಬೆಟ್ಟಗಳೇ ಸುರಿಸಿಕೊಳ್ಳುತ್ತವೆ. ಮಿಲ್ಫರ್ಡ್ ಸೌಂಡಿನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಟ್ಟಸಾಲಿನ ಈಚೆಗಿರುವ ಟೆ ಆನೌ ಊರಿನಲ್ಲಿ ಸುಮಾರು 1,200 ಮಿಲಿಮೀಟರ್ ಮಾತ್ರ. ಊರಿನಲ್ಲಿ ಬಿಸಿಲಿರುವಾಗ ಮಿಲ್ಫರ್ಡಿನಲ್ಲಿ ಜಡಿಮಳೆ ಇರುವುದು ಇಲ್ಲಿ ಮಾಮೂಲು. 2020ರ ಫೆಬ್ರವರಿ ಮೊದಲ ವಾರದಲ್ಲಿ ಮಿಲ್ಫರ್ಡ್ ಸುತ್ತ ಮೂರು ದಿನಗಳೊಳಗೆ ಸುಮಾರು ಒಂದು ಮೀಟರ್ ಮಳೆ ಸುರಿದು, ರಸ್ತೆ ಹಲವೆಡೆ ಕೊಚ್ಚಿಹೋಯಿತು. ನೂರಾರು ಪ್ರವಾಸಿಗರು ಒಳಗೆ ಸಿಕ್ಕಿಬಿದ್ದರು. ಚಾರಣದ ದಾರಿಗಳು ಹಾಳಾಗಿ ತಿಂಗಳುಗಟ್ಟಲೆ ದುರಸ್ತಿ ನಡೆಯಿತು.

ಇಲ್ಲಿಯ ಕಾಡಿನ ಮುಖ್ಯ ಮರ ದಕ್ಷಿಣ ಗೋಳಾರ್ಧದ ಬೀಚ್. ಕೆಳಗೆ ಕೆಂಪು ಮತ್ತು ಬೆಳ್ಳಿ ಬೀಚ್, ಮೇಲೆ ಹೋದಂತೆ ಬೆಟ್ಟದ ಬೀಚ್. ನೆಲವೆಲ್ಲ ಜರೀಗಿಡ ಮತ್ತು ಹಾವಸೆ. ಹಿಮನದಿ ಉಜ್ಜಿ ನುಣ್ಣಗೆ ಮಾಡಿದ ಬಂಡೆಯ ಮೇಲೆ ಮಣ್ಣು ಇಲ್ಲವೆಂದೇ ಹೇಳಬೇಕು. ಮೊದಲು ಕಲ್ಲುಹೂವು, ಹಾವಸೆ ಹತ್ತಿ, ಅವು ಕೊಳೆತ ತೆಳುಪದರದಲ್ಲಿ ಬೀಜ ಮೊಳೆತು, ಪಕ್ಕದ ಮರದ ಬೇರಿಗೆ ಬೇರು ಹೆಣೆದುಕೊಂಡು ಮರಗಳು ನಿಲ್ಲುತ್ತವೆ. ಜೋರು ಮಳೆಯಲ್ಲಿ ಒಂದು ಮರ ಸಡಿಲಗೊಂಡರೆ ತನ್ನ ಕೆಳಗಿನವನ್ನೂ ಎಳೆದುಕೊಂಡು ಇಡೀ ಪಟ್ಟಿಯೇ ನೀರಿಗೆ ಜಾರುತ್ತದೆ. ಬೆಟ್ಟಗಳ ಮೈಮೇಲೆ ಕಾಣುವ ಉದ್ದನೆಯ ಬೋಳು ಗೀರುಗಳು ಇಂಥ ಮರಕುಸಿತದ ಗುರುತುಗಳು. ಅದೇ ಬಂಡೆಯ ಮೇಲೆ ಮತ್ತೆ ಹಾವಸೆಯಿಂದ ಕಾಡು ಶುರುವಾಗುತ್ತದೆ.

ಇತಿಹಾಸ

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನ ಈ ಸರೋವರವನ್ನು ಮೊದಲಿನಿಂದ ಬಲ್ಲವರು. ಹಕ್ಕಿ ಬೇಟೆಗೆ, ಮೀನಿಗೆ ಋತುಮಾನಕ್ಕೆ ತಕ್ಕಂತೆ ಬಂದು ಹೋಗುತ್ತಿದ್ದರು. ಮಿಲ್ಫರ್ಡ್ ಸೌಂಡಿಗೆ ಅವರ ಹೆಸರು ಪಿಯೊಪಿಯೊತಾಹಿ. ಅಲ್ಲಿ ಸಿಗುವ, ಬೆಳಕು ಹಾಯುವ ಹಸಿರು ಕಲ್ಲು ಟಕಿವೈ ಆಭರಣಕ್ಕೆ ಬೆಲೆಬಾಳುವಂಥದ್ದು. ಅದಕ್ಕಾಗಿ ಅವರು ಬೆಟ್ಟ ದಾಟಿ ಹೋಗುತ್ತಿದ್ದ ದಾರಿಗಳನ್ನೇ ಮುಂದೆ ಯುರೋಪಿಯನ್ನರು ತುಳಿದರು. 1852ರಲ್ಲಿ ಮಾವೋರಿ ಮಾರ್ಗದರ್ಶಕರ ನೆರವಿನಿಂದ ಇಬ್ಬರು ಯುರೋಪಿಯನ್ನರು ಸರೋವರವನ್ನು ಕಂಡರು.

ಊರು ಹುಟ್ಟಿದ್ದು ಚಾರಣದಿಂದ. 1888ರಲ್ಲಿ ಕ್ವಿಂಟಿನ್ ಮೆಕಿನನ್ ತನ್ನ ಸಂಗಡಿಗನೊಂದಿಗೆ ಸರೋವರದ ಉತ್ತರ ತುದಿಯಿಂದ ಮಿಲ್ಫರ್ಡಿಗೆ ದಾಟುವ ಕಣಿವೆಮಾರ್ಗವನ್ನು ಗುರುತಿಸಿದ. ಆಮೇಲೆ ಪ್ರವಾಸಿಗರನ್ನು ಕರೆದೊಯ್ಯುವ ಕಸುಬು ಹಿಡಿದ. 1892ರಲ್ಲಿ ಇದೇ ಸರೋವರದ ಮೇಲೆ ಒಬ್ಬನೇ ದೋಣಿಯಲ್ಲಿ ಹೋದವನು ಹಿಂದಿರುಗಲಿಲ್ಲ. ದೋಣಿ ಸಿಕ್ಕಿತು, ದೇಹ ಸಿಗಲಿಲ್ಲ. ಅವನ ಪ್ರತಿಮೆ ಊರಿನ ದಡದಲ್ಲಿದೆ. ಮಿಲ್ಫರ್ಡ್ ಚಾರಣಕ್ಕೆ ಜನ ಬರತೊಡಗಿದ ಮೇಲೆ, 1893ರಲ್ಲಿ ಊರಿಗೆ ಸರ್ವೆ ನಡೆದು ನಿವೇಶನಗಳನ್ನು ಗುರುತಿಸಲಾಯಿತು. ಆದರೂ ಬಹುಕಾಲ ಅದು ಹೋಟೆಲು ಮತ್ತು ಕೆಲವು ಮನೆಗಳ ಬೀಡಾಗಿಯೇ ಇತ್ತು. ಮಿಲ್ಫರ್ಡ್ ರಸ್ತೆ ಪೂರ್ಣಗೊಂಡದ್ದು, ಸರ್ಕಾರ ಸುತ್ತಲಿನ ಬಯಲನ್ನು ಕುರಿ ಸಾಕಣೆಗೆ ಹದಗೊಳಿಸಿ ರೈತರಿಗೆ ಹಂಚಿದ್ದು, ಎರಡೂ ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ. ಊರು ಬೆಳೆದದ್ದು ಆಗ.

ಫಿಯರ್ಡ್‌ಲ್ಯಾಂಡನ್ನು 1904ರಲ್ಲೇ ಕಾದಿರಿಸಿದ ಪ್ರದೇಶವೆಂದು ಘೋಷಿಸಲಾಗಿತ್ತು. 1952ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1990ರಲ್ಲಿ ಯುನೆಸ್ಕೋ ಇದನ್ನೂ ಅಕ್ಕಪಕ್ಕದ ಉದ್ಯಾನಗಳನ್ನೂ ಒಟ್ಟು ಸೇರಿಸಿ ಟೆ ವಾಹಿಪೌನಮು ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸರೋವರ ಉಳಿಸಿದ ಚಳವಳಿ

ಉದ್ಯಾನವೆಂದು ಘೋಷಿಸಿದ ಮಾತ್ರಕ್ಕೆ ಸರೋವರಗಳು ಸುರಕ್ಷಿತವಾಗಲಿಲ್ಲ. 1960ರಲ್ಲಿ ನ್ಯೂಜಿಲೆಂಡ್ ಸರ್ಕಾರ ಅಲ್ಯುಮಿನಿಯಂ ಕರಗಿಸುವ ಕಾರ್ಖಾನೆಗೆ ಅಗ್ಗದ ವಿದ್ಯುತ್ ಒದಗಿಸಲು ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಮಾನಪೌರಿಯ ನೀರನ್ನು ಬೆಟ್ಟದೊಳಗಿನ ಸುರಂಗದಲ್ಲಿ ಕಡಲಿಗೆ ಬೀಳಿಸಿ ವಿದ್ಯುತ್ ತೆಗೆಯುವುದು ಯೋಜನೆ. ಹೆಚ್ಚು ವಿದ್ಯುತ್ತಿಗಾಗಿ ಮಾನಪೌರಿಯ ಮಟ್ಟವನ್ನು 30 ಮೀಟರಿನಷ್ಟು ಏರಿಸಲು ಅದರಲ್ಲಿ ಅವಕಾಶವಿತ್ತು. ಹಾಗೆ ಮಾಡಿದ್ದರೆ ದಡದ ಕಾಡು ಮುಳುಗಿ, ಸತ್ತ ಮರಗಳ ಕೆಸರುಪಟ್ಟಿ ಉಳಿಯುತ್ತಿತ್ತು.

ಇದರ ವಿರುದ್ಧ ಎದ್ದ ‘ಮಾನಪೌರಿ ಉಳಿಸಿ’ ಚಳವಳಿ 1969ರಿಂದ ಬಿರುಸಾಯಿತು. ರೈತರು, ಗೃಹಿಣಿಯರು, ಸಸ್ಯವಿಜ್ಞಾನಿಗಳು, ಚಾರಣಿಗರು ಒಟ್ಟಾದರು. 1970ರಲ್ಲಿ ಸಂಸತ್ತಿಗೆ ಸಲ್ಲಿಸಿದ ಮನವಿಗೆ 2,64,907 ಜನ ಸಹಿ ಹಾಕಿದ್ದರು. ಅಂದಿನ ಜನಸಂಖ್ಯೆಯ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. 1972ರ ಚುನಾವಣೆಯಲ್ಲಿ ಸರೋವರದ ಮಟ್ಟ ಏರಿಸುವುದಿಲ್ಲವೆಂದು ಮಾತು ಕೊಟ್ಟ ಲೇಬರ್ ಪಕ್ಷ ಗೆದ್ದು, ನಾರ್ಮನ್ ಕರ್ಕ್ ಪ್ರಧಾನಿಯಾದರು. 1973ರಲ್ಲಿ ಅವರ ಸರ್ಕಾರ ಸರೋವರಗಳ ಕಾವಲಿಗೆ ಸಮಿತಿಯೊಂದನ್ನು ನೇಮಿಸಿ, ಚಳವಳಿಯ ಮುಂದಾಳುಗಳನ್ನೇ ಸದಸ್ಯರನ್ನಾಗಿ ಮಾಡಿತು. ವಿದ್ಯುದಾಗಾರ ನಿಲ್ಲಲಿಲ್ಲ: ಬಂಡೆಯೊಳಗೆ ಕೊರೆದ ಅದು ಇಂದಿಗೂ ದೇಶದ ಅತಿ ದೊಡ್ಡ ಜಲವಿದ್ಯುತ್ ಕೇಂದ್ರ. ಅದರ ನಿರ್ಮಾಣದಲ್ಲಿ 16 ಕಾರ್ಮಿಕರು ಪ್ರಾಣ ಕಳೆದುಕೊಂಡರು. ಟೆ ಆನೌ ಮತ್ತು ಮಾನಪೌರಿ ಎರಡರ ನೀರನ್ನೂ ಅದು ಬಳಸುತ್ತದೆ. ಆದರೆ ಎರಡೂ ಸರೋವರಗಳ ಮಟ್ಟ ತಾನಾಗಿ ಏರಿಳಿಯುತ್ತಿದ್ದ ಮಿತಿಯೊಳಗೇ ಇರಬೇಕೆಂಬ ಕಟ್ಟುಪಾಡಿದೆ. ಊರಿನಿಂದ ದಡ ಹಿಡಿದು ಒಂದು ಗಂಟೆಯೊಳಗೆ ನಡೆದು ತಲುಪಬಹುದಾದ ನಿಯಂತ್ರಣ ಗೇಟುಗಳು ಟೆ ಆನೌದಿಂದ ಹೊರಬೀಳುವ ನೀರನ್ನು ಈ ಲೆಕ್ಕದಲ್ಲೇ ಬಿಡುತ್ತವೆ. ನ್ಯೂಜಿಲೆಂಡಿನ ಪರಿಸರ ಚಳವಳಿಯ ಇತಿಹಾಸ ಬರೆಯುವವರು ಮಾನಪೌರಿಯಿಂದಲೇ ಶುರುಮಾಡುತ್ತಾರೆ.

ಟಕಹೇ ಹಕ್ಕಿ

ಊರಿನ ಬೀದಿಯಲ್ಲಿ ನಿಲ್ಲಿಸಿರುವ ದೊಡ್ಡ ನೀಲಿ ಹಕ್ಕಿಯ ಪ್ರತಿಮೆ ಟಕಹೇಯದು. ಕೋಳಿಗಿಂತ ದಪ್ಪ ಮೈ, ನೀಲಿ ಹಸಿರು ಗರಿ, ಕೆಂಪು ಗಡುಸು ಕೊಕ್ಕಿನ ಈ ಹಕ್ಕಿಗೆ ಹಾರಲು ಬರುವುದಿಲ್ಲ. 1898ರ ನಂತರ ಯಾರ ಕಣ್ಣಿಗೂ ಬೀಳದೆ, ಅಳಿದುಹೋಯಿತೆಂದೇ ಎಲ್ಲರೂ ನಂಬಿದ್ದರು. ಇನ್ವರ್ಕಾರ್ಗಿಲ್ ಊರಿನ ವೈದ್ಯ ಜೆಫ್ರಿ ಆರ್ಬೆಲ್ ನಂಬಲಿಲ್ಲ. 1948ರ ನವೆಂಬರ್ 20ರಂದು ಅವರ ತಂಡ ಮರ್ಚಿಸನ್ ಪರ್ವತಗಳ ಮೇಲಣ ಕಣಿವೆಯೊಂದರಲ್ಲಿ ಜೀವಂತ ಟಕಹೇಗಳನ್ನು ಕಂಡಿತು. ಸರ್ಕಾರ ಆ ಪರ್ವತಭಾಗಕ್ಕೆ ಸಾರ್ವಜನಿಕ ಪ್ರವೇಶವನ್ನು ನಿರ್ಬಂಧಿಸಿತು.

ಟಕಹೇ ತಿನ್ನುವ ರೀತಿಯೇ ಒಂದು ನೋಟ. ಬೆಟ್ಟದ ಮೇಲಿನ ದಪ್ಪ ಹುಲ್ಲಿನ ಪೊದೆಯಿಂದ ಒಂದು ದಂಟನ್ನು ಕೊಕ್ಕಿನಲ್ಲಿ ಕತ್ತರಿಸಿ ಎಳೆದು, ಒಂದು ಕಾಲಿನಲ್ಲಿ ಹಿಡಿದೆತ್ತಿ, ಬುಡದ ಬೆಳ್ಳನೆಯ ಎಳೆ ಭಾಗವನ್ನಷ್ಟೇ ಮೆಲ್ಲುತ್ತದೆ; ಉಳಿದದ್ದನ್ನು ಎಸೆಯುತ್ತದೆ. ಹಿಮ ಬಿದ್ದು ಹುಲ್ಲು ಮುಚ್ಚಿದಾಗ ಕಾಡಿಗಿಳಿದು ಜರೀಗಿಡದ ಗೆಡ್ಡೆ ಕೆದಕುತ್ತದೆ. ಹುಲ್ಲಿನಲ್ಲಿ ಸತ್ವ ಕಡಿಮೆಯಾದ್ದರಿಂದ ದಿನದ ಬಹುಪಾಲು ಮೇಯುತ್ತಲೇ ಇರಬೇಕು. ವರ್ಷಕ್ಕೆ ಒಂದೆರಡು ಮೊಟ್ಟೆ ಮಾತ್ರ.

ಮೊಲಗಳ ಕಾಟ ತಡೆಯಲೆಂದು 1880ರ ದಶಕದಲ್ಲಿ ಯುರೋಪಿನಿಂದ ತಂದುಬಿಟ್ಟ ಸ್ಟೋಟ್ ಎಂಬ, ಮುಂಗುಸಿಗಿಂತ ಚಿಕ್ಕದಾದ ಬೇಟೆಪ್ರಾಣಿ ಇವುಗಳ ಮೊದಲ ಶತ್ರು. ಅದೇ ಹುಲ್ಲನ್ನು ಮೇಯುವ ಕೆಂಪು ಜಿಂಕೆಗಳೂ ಹೊರಗಿನಿಂದ ಬಂದವೇ. ಕೆಲವು ವರ್ಷಗಳಿಗೊಮ್ಮೆ ಬೀಚ್ ಮರಗಳು ರಾಶಿ ರಾಶಿ ಬೀಜ ಬಿಡುತ್ತವೆ. ಆಗ ಇಲಿಗಳು ಹೆಚ್ಚುತ್ತವೆ, ಇಲಿ ತಿಂದು ಸ್ಟೋಟುಗಳು ಹೆಚ್ಚುತ್ತವೆ, ಇಲಿ ಮುಗಿದ ಮೇಲೆ ಅವು ಹಕ್ಕಿಗಳ ಮೇಲೆ ಬೀಳುತ್ತವೆ. ಆದ್ದರಿಂದ ಬೋನು ಇಡುವುದು, ವಿಷದ ಆಮಿಷ ಹಾಕುವುದು ಇಲ್ಲಿ ಎಂದೂ ಮುಗಿಯದ ಕೆಲಸ. ವಿಷ ಬಳಕೆಯ ಬಗ್ಗೆ ದೇಶದಲ್ಲಿ ತೀವ್ರ ವಾದವಿವಾದವೂ ಇದೆ. 1980ರ ದಶಕದ ಆರಂಭದಲ್ಲಿ ಸುಮಾರು 120ಕ್ಕೆ ಇಳಿದಿದ್ದ ಟಕಹೇಗಳ ಸಂಖ್ಯೆ ಈಗ 500ರ ಆಸುಪಾಸಿನಲ್ಲಿದೆ. ಟೆ ಆನೌ ಸಮೀಪದ ಬರ್ವುಡ್‌ನಲ್ಲಿ ಮರಿ ಮಾಡಿಸುವ ಕೇಂದ್ರವಿದೆ. ಊರಿನ ದಡದಲ್ಲೇ ಇರುವ ಪಕ್ಷಿಧಾಮದಲ್ಲಿ ಕೆಲವು ಟಕಹೇಗಳನ್ನು ಸಂರಕ್ಷಣಾ ಇಲಾಖೆ ಸಾಕಿದೆ. ಪ್ರವೇಶ ಉಚಿತ.

ಬೆಳಕಿನ ಹುಳಗಳ ಗವಿ

ಪಶ್ಚಿಮ ದಡದ ಗವಿಗಳ ವಿಷಯ ಮಾವೋರಿ ಐತಿಹ್ಯಗಳಲ್ಲಿತ್ತು. ಆ ಸುಳಿವನ್ನು ಹಿಡಿದು ಹಲವು ವರ್ಷ ಹುಡುಕಿದ ಲಾಸನ್ ಬರೋಸ್ 1948ರಲ್ಲಿ ನೀರಿನಡಿಯ ಸಂದಿಯಿಂದ ಒಳನುಗ್ಗಿ ಅವನ್ನು ಕಂಡುಹಿಡಿದರು. ಸುಣ್ಣಕಲ್ಲನ್ನು ನೀರು ಕೊರೆದು ಮಾಡಿದ ಈ ಗವಿ ಸುಮಾರು 12,000 ವರ್ಷದ್ದು. ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯದು. ಒಳಗೆ ಹೊಳೆ ಇನ್ನೂ ಭೋರ್ಗರೆಯುತ್ತ ಕಲ್ಲನ್ನು ಕೊರೆಯುತ್ತಿದೆ.

ಊರಿನಿಂದ ದೋಣಿಯಲ್ಲಿ ಬಂದವರು ಮೊದಲು ಕಾಲುದಾರಿಯಲ್ಲಿ ನಡೆದು, ಕೊನೆಗೆ ಸಣ್ಣ ದೋಣಿಯಲ್ಲಿ ಕುಳಿತು ಕತ್ತಲ ಕೋಣೆಯೊಳಗೆ ಹೋಗುತ್ತಾರೆ. ಮಾತಾಡಬಾರದು, ಫೋಟೋ ತೆಗೆಯಬಾರದು. ಚಾವಣಿಯ ತುಂಬ ನೀಲಿಹಸಿರು ಚುಕ್ಕೆಗಳು. ನಮ್ಮ ಮಲೆನಾಡಿನ ಮಿಂಚುಹುಳ ಜೀರುಂಡೆಯ ಬಳಗದ್ದು. ಇಲ್ಲಿ ಹೊಳೆಯುವುದು ಸೊಳ್ಳೆಯನ್ನು ಹೋಲುವ ನುಸಿಯೊಂದರ ಮರಿಹುಳು. ಅದು ಚಾವಣಿಗೆ ಅಂಟಿದ ಲೋಳೆಯ ಕೊಳವೆಯಲ್ಲಿ ಮಲಗಿ, ಅಂಟುಹನಿ ಪೋಣಿಸಿದ ರೇಷ್ಮೆ ಎಳೆಗಳನ್ನು ಕೆಳಕ್ಕೆ ಇಳಿಬಿಡುತ್ತದೆ. ಬಾಲದ ತುದಿಯ ಬೆಳಕನ್ನು ನೋಡಿ ಹಾರಿಬಂದ ಕೀಟ ಎಳೆಗೆ ಸಿಕ್ಕಿಕೊಂಡಾಗ, ಎಳೆಯನ್ನು ಮೇಲಕ್ಕೆಳೆದು ತಿನ್ನುತ್ತದೆ. ಹಸಿದ ಹುಳು ಹೆಚ್ಚು ಹೊಳೆಯುತ್ತದೆ. ಹೀಗೆ ತಿಂಗಳುಗಟ್ಟಲೆ ತಿಂದು ಬೆಳೆದು ರೆಕ್ಕೆ ಮೂಡಿದ ಮೇಲೆ ಅದು ತಿನ್ನುವುದೇ ಇಲ್ಲ. ಕೆಲವೇ ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ.

ಚಾರಣದ ದಾರಿಗಳು

ಮಿಲ್ಫರ್ಡ್ ಚಾರಣ 53.5 ಕಿಲೋಮೀಟರಿನದು. ಟೆ ಆನೌ ಸರೋವರದ ಉತ್ತರ ತುದಿಗೆ ದೋಣಿಯಲ್ಲಿ ಹೋಗಿ, ಕ್ಲಿಂಟನ್ ಕಣಿವೆಯಲ್ಲಿ ನಡೆದು, 1,154 ಮೀಟರ್ ಎತ್ತರದ ಮೆಕಿನನ್ ಕಣಿವೆಮಾರ್ಗ ದಾಟಿ, 580 ಮೀಟರ್ ಎತ್ತರದಿಂದ ಮೂರು ಹಂತಗಳಲ್ಲಿ ಧುಮುಕುವ ಸದರ್ಲ್ಯಾಂಡ್ ಜಲಪಾತವನ್ನು ನೋಡಿ, ಮಿಲ್ಫರ್ಡ್ ಸೌಂಡಿನ ದಡದಲ್ಲಿ ಮುಗಿಸಬೇಕು. ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗಿನ ಋತುವಿನಲ್ಲಿ ಒಂದೇ ದಿಕ್ಕಿಗೆ ನಡೆಯಬೇಕು, ನಾಲ್ಕು ದಿನದಲ್ಲಿ ಮುಗಿಸಬೇಕು. ಸ್ವಂತವಾಗಿ ನಡೆಯುವವರಿಗೆ ದಿನಕ್ಕೆ 40 ಜಾಗ ಮಾತ್ರ. ಸಂರಕ್ಷಣಾ ಇಲಾಖೆಯ ಬುಕಿಂಗ್ ತೆರೆದ ಸ್ವಲ್ಪ ಹೊತ್ತಿನಲ್ಲೇ ಅವು ಮುಗಿದುಹೋಗುತ್ತವೆ.

ಈ ಒತ್ತಡ ಇಳಿಸಲೆಂದೇ 1988ರಲ್ಲಿ ಕೆಪ್ಲರ್ ಚಾರಣದ ದಾರಿಯನ್ನು ತೆರೆಯಲಾಯಿತು. 60 ಕಿಲೋಮೀಟರಿನ ಈ ಸುತ್ತು ನಿಯಂತ್ರಣ ಗೇಟುಗಳ ಬಳಿ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಊರಿನಿಂದ ವಾಹನವೂ ಬೇಕಿಲ್ಲ. ದಡದ ಬೀಚ್ ಕಾಡಿನಿಂದ ಏರಿ ಬೋಳು ಬೆಟ್ಟದ ಏಣಿನ ಮೇಲೆ ನಡೆಸಿಕೊಂಡು ಮತ್ತೆ ಕಾಡಿಗಿಳಿಸುತ್ತದೆ. ಜನ ಮೂರು ನಾಲ್ಕು ದಿನ ತೆಗೆದುಕೊಳ್ಳುವ ಈ ದಾರಿಯಲ್ಲಿ ಪ್ರತಿ ಡಿಸೆಂಬರಿನಲ್ಲಿ ಓಟದ ಸ್ಪರ್ಧೆ ನಡೆಯುತ್ತದೆ. ಪೂರ್ತಿ ಚಾರಣ ಆಗದವರು ದಾರಿಯಲ್ಲಿರುವ ಲಕ್ಸ್‌ಮೋರ್ ಹಟ್ ಎಂಬ ತಂಗುಮನೆಯವರೆಗೆ ಹತ್ತಿ ಅದೇ ದಿನ ಇಳಿಯಬಹುದು. ಸುಮಾರು 32 ಕಿಲೋಮೀಟರಿನ ರೂಟ್‌ಬರ್ನ್ ಚಾರಣದ ಒಂದು ತುದಿ ಮಿಲ್ಫರ್ಡ್ ರಸ್ತೆಯಲ್ಲಿದೆ.

ಮಿಲ್ಫರ್ಡ್ ರಸ್ತೆ

ಟೆ ಆನೌದಿಂದ ಮಿಲ್ಫರ್ಡ್ ಸೌಂಡಿಗೆ ಸುಮಾರು 120 ಕಿಲೋಮೀಟರ್. ಎಗ್ಲಿಂಟನ್ ಕಣಿವೆಯ ಹುಲ್ಲುಬಯಲು, ಬೆಟ್ಟದ ಬಿಂಬ ಬೀಳುವ ಕನ್ನಡಿ ಕೊಳಗಳು, ಬೀಚ್ ಕಾಡು ದಾಟಿದ ಮೇಲೆ ರಸ್ತೆ ಬಂಡೆಯ ಗೋಡೆಗೆ ಬಂದು ಮುಟ್ಟುತ್ತದೆ. ಅಲ್ಲಿ ಹೋಮರ್ ಸುರಂಗ. 1935ರಲ್ಲಿ ಐದು ಜನ ಗುದ್ದಲಿ, ಕೈಗಾಡಿ ಹಿಡಿದು ಇದರ ಕೆಲಸ ಶುರುಮಾಡಿದರು. ಹಿಮಕುಸಿತದಲ್ಲಿ ಕೆಲಸಗಾರರು ಸತ್ತರು, ಯುದ್ಧ ಬಂದು ಕೆಲಸ ನಿಂತಿತು. ವಾಹನಗಳಿಗೆ ತೆರೆದದ್ದು 1954ರಲ್ಲಿ. ಸುಮಾರು 1.2 ಕಿಲೋಮೀಟರ್ ಉದ್ದದ ಈ ಸುರಂಗ ಮಿಲ್ಫರ್ಡಿನ ಕಡೆಗೆ ಹತ್ತಕ್ಕೆ ಒಂದರಷ್ಟು ಇಳಿಜಾರಾಗಿದೆ. 1983ರಲ್ಲಿ ರಸ್ತೆಯ ಮೇಲ್ವಿಚಾರಕರೊಬ್ಬರು ಹಿಮಕುಸಿತಕ್ಕೆ ಬಲಿಯಾದ ಬಳಿಕ, ಹಿಮ ಅಪಾಯಕರವಾಗಿ ಜಮೆಯಾದಾಗ ರಸ್ತೆ ಮುಚ್ಚಿ, ಹೆಲಿಕಾಪ್ಟರಿನಿಂದ ಸಿಡಿಮದ್ದು ಹಾಕಿ ಅದನ್ನು ಮೊದಲೇ ಬೀಳಿಸುವ ವ್ಯವಸ್ಥೆ ಬಂದಿದೆ. ಸುರಂಗದ ಬಳಿ ವಾಹನ ನಿಲ್ಲಿಸಿದರೆ ಕಿಯಾ ಎಂಬ ಬೆಟ್ಟದ ಗಿಳಿ ಬಂದು ಕಿಟಕಿಯ ರಬ್ಬರು ಕಿತ್ತರೂ ಆಶ್ಚರ್ಯವಿಲ್ಲ. ಅದಕ್ಕೆ ತಿನಿಸು ಹಾಕಬಾರದು.

ಡೌಟ್‌ಫುಲ್ ಸೌಂಡ್ ಎಂಬ ಇನ್ನೊಂದು ಕಡಲಚಾಚಿಗೆ ಹೋಗಬೇಕಾದವರು ಮಾನಪೌರಿಯಲ್ಲಿ ದೋಣಿ ಹತ್ತಿ, ಸರೋವರ ದಾಟಿ, ವಿಲ್ಮಟ್ ಕಣಿವೆಮಾರ್ಗವನ್ನು ಬಸ್ಸಿನಲ್ಲಿ ದಾಟಬೇಕು. ಅದು ಮಿಲ್ಫರ್ಡಿಗಿಂತ ದೊಡ್ಡದು, ಜನಸಂದಣಿ ಕಡಿಮೆ.

ಭೇಟಿ ನೀಡುವವರಿಗೆ

ಋತುಗಳು ನಮಗೆ ತಿರುವುಮುರುವು: ಡಿಸೆಂಬರಿನಿಂದ ಫೆಬ್ರವರಿವರೆಗೆ ಬೇಸಿಗೆ. ಆಗ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಕೋಣೆಗಳು ತುಂಬಿರುತ್ತವೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗದ್ದಲ ಕಡಿಮೆ. ಚಳಿಗಾಲದಲ್ಲಿ ಮಿಲ್ಫರ್ಡ್ ರಸ್ತೆಗೆ ಹೋಗುವ ಗಾಡಿಯಲ್ಲಿ ಚಕ್ರಕ್ಕೆ ಹಾಕುವ ಸರಪಳಿ ಇರಲೇಬೇಕು.

ಕ್ವೀನ್ಸ್‌ಟೌನ್‌ನಿಂದ ಟೆ ಆನೌಗೆ ಸುಮಾರು 170 ಕಿಲೋಮೀಟರ್, ಬಸ್ಸುಗಳಿವೆ. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಹೋಗುವುದರಿಂದ ಬಾಡಿಗೆ ಕಾರು ಓಡಿಸುವುದು ಭಾರತೀಯರಿಗೆ ಕಷ್ಟವಲ್ಲ. ಪೆಟ್ರೋಲನ್ನು ಟೆ ಆನೌದಲ್ಲೇ ತುಂಬಿಸಿಕೊಳ್ಳಬೇಕು. ಮುಂದೆ ಬಹುಪಾಲು ದಾರಿಯಲ್ಲಿ ಮೊಬೈಲ್ ಸಿಗ್ನಲ್ ಕೂಡ ಇಲ್ಲ. ಮಳೆಯಂಗಿ ಕಡ್ಡಾಯ. ಮಳೆ ಬಂತೆಂದು ಮಿಲ್ಫರ್ಡ್ ಪ್ರವಾಸ ಕೈಬಿಡಬೇಕಿಲ್ಲ. ಬೆಟ್ಟದ ಗೋಡೆಗಳಿಂದ ನೂರಾರು ತಾತ್ಕಾಲಿಕ ಜಲಪಾತಗಳು ಬೀಳುವುದು ಆಗಲೇ. ನಮು ಎಂಬ ಸಣ್ಣ ಕಪ್ಪು ಕಚ್ಚುನೊಣಗಳ ಕಾಟ ದಡಗಳಲ್ಲೆಲ್ಲ ಇದೆ. 1773ರಲ್ಲಿ ಇದೇ ಕರಾವಳಿಯ ಡಸ್ಕಿ ಸೌಂಡಿಗೆ ಬಂದಿದ್ದ ಕ್ಯಾಪ್ಟನ್ ಕುಕ್ ಕೂಡ ಇವುಗಳ ಬಗ್ಗೆ ದೂರಿದ್ದಾನೆ. ತೋಳುದ್ದದ ಅಂಗಿ, ಹಚ್ಚಿಕೊಳ್ಳುವ ಔಷಧ ಜೊತೆಗಿರಲಿ.

ನಿಯಮಗಳಲ್ಲಿ ರಿಯಾಯಿತಿ ಇಲ್ಲ. ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಮನೆಯಿಂದ ಕಟ್ಟಿಕೊಂಡು ಬಂದ ಉಪ್ಪಿನಕಾಯಿ, ಚಟ್ನಿಪುಡಿ, ಸಿಹಿತಿಂಡಿ ಎಲ್ಲವನ್ನೂ ಘೋಷಣಾ ಪತ್ರದಲ್ಲಿ ತಿಳಿಸಬೇಕು. ಮುಚ್ಚಿಟ್ಟರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಮಣ್ಣು ಮೆತ್ತಿದ ಬೂಟನ್ನೂ ತೋರಿಸಬೇಕು. 2004ರಲ್ಲಿ ವೈಆವು ನದಿಯಲ್ಲಿ ಡಿಡಿಮೋ ಎಂಬ ಹೊರನಾಡಿನ ಪಾಚಿ ಕಾಣಿಸಿಕೊಂಡ ಮೇಲೆ, ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ದೋಣಿ, ಗಾಳ, ಬೂಟು ಎಲ್ಲವನ್ನೂ ತೊಳೆದು ಒಣಗಿಸುವುದು ಕಡ್ಡಾಯವಾಗಿದೆ. ಉದ್ಯಾನದಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಕ್ವೀನ್ಸ್‌ಟೌನ್‌ನಿಂದ ಬೆಳಗ್ಗೆ ಹೊರಟು ರಾತ್ರಿ ಮರಳುವ ಬಸ್ಸುಗಳಲ್ಲಿ ಮಿಲ್ಫರ್ಡ್ ನೋಡಿ ಬರುವವರೇ ಹೆಚ್ಚು. ಅವರಿಗೆ ಟೆ ಆನೌ ಚಹಾ ಕುಡಿಯಲು ಇಳಿಯುವ ನಿಲ್ದಾಣ ಮಾತ್ರ. ಅದರ ಬದಲು ಇಲ್ಲಿ ಮೂರು ರಾತ್ರಿ ಉಳಿಯುವ ಲೆಕ್ಕ ಹಾಕುವುದು ಮೇಲು: ಒಂದು ದಿನ ಮಿಲ್ಫರ್ಡಿಗೆ, ಒಂದು ದಿನ ಗವಿ, ಪಕ್ಷಿಧಾಮ ಮತ್ತು ಗೇಟುಗಳವರೆಗಿನ ದಡದ ನಡಿಗೆಗೆ, ಇನ್ನೊಂದು ದಿನವನ್ನು ರಸ್ತೆ ಮುಚ್ಚಿದರೆ ಇರಲೆಂದು ಕೈಯಲ್ಲಿಟ್ಟುಕೊಳ್ಳಬೇಕು.